ಸ್ನಾಯುಶಬ್ದದ ಅರ್ಥವಿಚಾರ : ಕಟಿಸಂಧಿಯ ಶಸ್ತ್ರಚಿಕಿತ್ಸೆಯನ್ನು ಕುರಿತ ಕನ್ನಡ ಗದ್ಯದ ವಿಮರ್ಶೆ

ಒಂದು ಭಾಷೆಯ ಶಾಸ್ತ್ರಗದ್ಯವು ಎಷ್ಟರಮಟ್ಟಿಗೆ ಪಕ್ವವಾಗಿರುವುದೆಂಬುದನ್ನು ಅದರ ಪೀಠಿಕೆಗಳಿಂದಾಗಲಿ ಪ್ರಶಂಸಾವಾಕ್ಯಗಳಿಂದಾಗಲಿ ನಿರ್ಣಯಿಸಲಾಗದು. ಅಂಗಕ್ಕೆ ಹಾನಿಯೊದಗಿರುವ ಮನುಷ್ಯನಿಗೆ ಅವನ ಮುಂದಿರುವ ಚಿಕಿತ್ಸಾಮಾರ್ಗಗಳು ಎಷ್ಟು, ಯಾವುದನ್ನು ಹಿಡಿದರೆ ಏನಾಗುವುದು ಎಂಬುದನ್ನು ಆ ಭಾಷೆಯಲ್ಲಿ ಸಂಶಯಕ್ಕೆಡೆಯಿಲ್ಲದಂತೆ ಹೇಳಬಹುದೇ ಎಂಬುದೇ ಸರಿಯಾದ ಒರೆಗಲ್ಲು. ಈ ಒರೆಗಲ್ಲಿಗೆ ಕನ್ನಡವನ್ನು ತಿಕ್ಕಿ ನೋಡುವುದಕ್ಕೆ ಒಂದು ಸಣ್ಣ ವಾಕ್ಯವೇ ಸಾಕಾಗಿದೆ. ‘ಸೊಂಟದ ಸ್ನಾಯು ಹರಿದಿದೆ’ ಎಂಬುದೇ ಆ ವಾಕ್ಯ. ಕರ್ತೃ, ಕ್ರಿಯೆ, ಅಧಿಕರಣ ಮೂರೂ ಸ್ಫುಟವಾಗಿರುವ ಈ ವಾಕ್ಯದಲ್ಲಿ ಏನು ದೋಷವಿದ್ದೀತು ಎಂದು ವಾಚಕರಿಗೆ ತೋರಬಹುದು. ದೋಷವಿರುವುದು ವ್ಯಾಕರಣದಲ್ಲಲ್ಲ, ಶಬ್ದಾರ್ಥದಲ್ಲಿ.

ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ತಾಲ್ಲೂಕಿನಲ್ಲಿ, ಚಾರ್ಮಾಡಿ ಘಾಟಿಯ ಕಡೆಗೆ ಹೋಗುವ ದಾರಿಯಲ್ಲಿರುವ ಬಣಕಲ್ ಕಾಫಿಯ ಸೀಮೆಗೆ ಸೇರಿದ ಊರು. ಅಲ್ಲಿನ ತೋಟಗಳೆಲ್ಲ ಇಳಿಜಾರಿನವು. ಮಳೆಗಾಲದಲ್ಲಿ ನೆಲ ಕಾಲಿಗೆ ನಿಲ್ಲದು. ನೆರಳಿನ ಮರಗಳ ಕೊಂಬೆ ಕಡಿಯುವ ಮರಗಸಿಯ ಕೆಲಸವೂ, ಏಣಿಯಿಟ್ಟು ಮೆಣಸು ಕೊಯ್ಯುವ ಕೆಲಸವೂ, ಹಣ್ಣು ತುಂಬಿದ ಚೀಲವನ್ನು ಹೊತ್ತು ಕಣಕ್ಕೆ ಇಳಿಸುವ ಕೆಲಸವೂ ಸೊಂಟ ತೊಡೆಗಳ ಮೇಲೆಯೇ ಬೀಳತಕ್ಕವು. ಕೆಸರಿನಲ್ಲಿ ಒಂದು ಕಾಲು ಮುಂದಕ್ಕೆ ಜಾರಿ, ಮೊಳಕಾಲು ನೆಟ್ಟಗಿರುವಾಗಲೇ ಮೈ ಮುಂದಕ್ಕೆ ಬಾಗಿದುದಾದರೆ ತೊಡೆಯ ಹಿಂಭಾಗದ ಮಾಂಸಖಂಡಗಳು ತಮ್ಮ ಬುಡದಲ್ಲಿ, ಎಂದರೆ ಕುಳಿತುಕೊಳ್ಳುವಾಗ ನೆಲಕ್ಕೆ ತಾಗುವ ಎಲುಬಿನಿಂದ, ಕಿತ್ತುಬರುವುದುಂಟು. ಐವತ್ತು ಕಳೆದ ಹೆಂಗಸರಲ್ಲಿ ಹೀಗೆ ಒಮ್ಮೆಗೇ ಆಗದೆ, ಚಪ್ಪೆಯ ಹೊರಮಗ್ಗುಲಿನ ಕಟ್ಟುಗಳು ವರ್ಷಗಳ ಮೇಲೆ ಸವೆದು ಎಳೆಯೆಳೆಯಾಗಿ ಬಿಡುವುದೂ ಉಂಟು. ಎರಡು ಬಗೆಯವರಿಗೂ ಹೇಳುವ ಮಾತು ಒಂದೇ: ‘ಸ್ನಾಯು ಹರಿದಿದೆ.’

ಈ ಮಾತನ್ನು ಮೂವರು ಕೇಳಿದರೆಂದು ಭಾವಿಸಿದರೆ ಮೂರು ಅರ್ಥಗಳು ಹುಟ್ಟುವುವು. ಶಾಲೆಯ ವಿಜ್ಞಾನಪಾಠವನ್ನು ಓದಿದ ಹುಡುಗನಿಗೆ ಸ್ನಾಯುವೆಂದರೆ ಮಾಂಸ. ಮಾಂಸದ ಗಾಯವು ಎಣ್ಣೆ ತಿಕ್ಕಿ, ಶಾಖ ಕೊಟ್ಟು, ಹದಿನೈದು ದಿನ ಮಲಗಿದರೆ ಮಾಗುವುದೆಂದು ಅವನ ಎಣಿಕೆ. ಸುಶ್ರುತವನ್ನು ಓದಿದ ಪಂಡಿತನಿಗೆ ಸ್ನಾಯುವೆಂದರೆ ಎಲುಬನ್ನೂ ಸಂಧಿಯನ್ನೂ ಬಿಗಿದಿರುವ ಕಟ್ಟು; ಅದು ಹರಿದಿದ್ದರೆ ಗಾಬರಿಪಡಬೇಕಾದ ವಿಷಯ. ಮನೆಯ ಹಿರಿಯರಿಗಾದರೋ ಅದು ‘ನರ’. ನರಕ್ಕೆ ಪೆಟ್ಟಾದರೆ ಕಾಲು ಸತ್ತುಹೋಗುವುದೆಂಬ ಭಯ. ಒಬ್ಬನು ಕಾಲಹರಣ ಮಾಡುವನು, ಇನ್ನೊಬ್ಬನು ಶಂಕಿಸುವನು, ಮತ್ತೊಬ್ಬರು ಅಂಜುವರು. ಕಿತ್ತ ಕಟ್ಟನ್ನು ಎಲುಬಿಗೆ ಮರಳಿ ಹೊಲಿಯುವುದಕ್ಕೆ ಅನುಕೂಲವಾದ ಮೊದಲ ಕೆಲವು ವಾರಗಳು ಈ ನಡುವೆ ಕಳೆದುಹೋಗುವುವು. ಆದುದರಿಂದ ಪ್ರಕೃತ ವಿಚಾರವನ್ನು ಕೇವಲ ನಿಘಂಟಿನ ವಾದವೆಂದು ತಳ್ಳಿಹಾಕುವುದು ಯುಕ್ತವಲ್ಲ.

ಮೊದಲು ಶಾಸ್ತ್ರದ ಪಕ್ಷವನ್ನು ನೋಡತಕ್ಕುದು. ಅಮರಸಿಂಹನು ಸ್ನಾಯುವಿಗೆ ವಸ್ನಸಾ ಎಂಬ ಪರ್ಯಾಯವನ್ನು ಕೊಟ್ಟು ಅದನ್ನು ಸ್ತ್ರೀಲಿಂಗದಲ್ಲಿ ಹೇಳಿರುವನು. ಮಾಂಸಕ್ಕೆ ಪಿಶಿತ, ತರಸ, ಪಲಲ ಮೊದಲಾದ ಬೇರೆ ಹೆಸರುಗಳುಂಟು. ಎರಡನ್ನೂ ಅವನು ಬೆರಸಿಲ್ಲ. ಸುಶ್ರುತಸಂಹಿತೆಯ ಶಾರೀರಸ್ಥಾನದ ಐದನೆಯ ಅಧ್ಯಾಯದಲ್ಲಿ ಈ ವಿವೇಕವು ಇನ್ನೂ ಸೂಕ್ಷ್ಮವಾಗಿದೆ. ಅಲ್ಲಿ ಪೇಶಿ, ಸ್ನಾಯು, ಕಂಡರ, ಸಿರಾ, ಧಮನಿ ಇವೆಲ್ಲ ಬೇರೆ ಬೇರೆ ಪದಾರ್ಥಗಳು. ಸ್ನಾಯುಗಳು 900, ಅವುಗಳಲ್ಲಿ ಕೈಕಾಲುಗಳಲ್ಲಿ 600, ನಡುಮೈಯಲ್ಲಿ 230, ಕೊರಳಿನಿಂದ ಮೇಲೆ 70. ಕವಲೊಡೆದು ಹಬ್ಬಿದವು, ದುಂಡಾದವು, ಅಗಲವಾದವು, ರಂಧ್ರಯುಕ್ತವಾದವು ಎಂದು ಅವು ನಾಲ್ಕು ಬಗೆ. ದುಂಡಾದವನ್ನೇ ಕಂಡರಗಳೆಂದು ತಿಳಿಯಬೇಕೆಂದು ಆಚಾರ್ಯನ ಅಭಿಪ್ರಾಯ. ದೊಡ್ಡ ಕಂಡರಗಳು 16 ಎಂದು ಬೇರೆಯಾಗಿಯೂ ಎಣಿಸಿರುವನು. ಈ ಸಂಖ್ಯೆಗಳು ಇಂದಿನ ಅಂಗಚ್ಛೇದಶಾಸ್ತ್ರದ ಎಣಿಕೆಗೆ ಹೊಂದುವುವೇ ಎಂಬ ಪ್ರಶ್ನೆ ಇಲ್ಲಿ ಬೇಕಾಗಿಲ್ಲ. ಬೇಕಾದುದು ವರ್ಗೀಕರಣದ ಹಿಂದಿರುವ ದೃಷ್ಟಿ.

ಆ ದೃಷ್ಟಿಯು ಒಂದು ಉಪಮೆಯಲ್ಲಿ ಸ್ಪಷ್ಟಪಟ್ಟಿದೆ. ಹಲಗೆಗಳನ್ನು ಜೋಡಿಸಿ ಅನೇಕ ಬಂಧನಗಳಿಂದ ಬಿಗಿದ ದೋಣಿಯು ನೀರಿನಲ್ಲಿ ಹೇಗೆ ಜನರ ಭಾರವನ್ನು ತಾಳುವುದೋ ಹಾಗೆ ಸಂಧಿಗಳು ಸ್ನಾಯುಗಳಿಂದ ಬಿಗಿಯಲ್ಪಟ್ಟುದರಿಂದಲೇ ಮನುಷ್ಯನು ಭಾರವನ್ನು ಸಹಿಸಬಲ್ಲನೆಂದು ಸುಶ್ರುತನು ಹೇಳುವನು. ಕಬ್ಬಿಣದ ಮೊಳೆ ಹೊಡೆಯದೆ ಹಗ್ಗದಿಂದ ಹೊಲಿದ ದೋಣಿಗಳು ನಮ್ಮ ಪಶ್ಚಿಮ ತೀರದಲ್ಲಿ ಬಹುಕಾಲ ಬಳಕೆಯಲ್ಲಿದ್ದುದನ್ನು ಬಲ್ಲವರಿಗೆ ಈ ಮಾತಿನ ಸೊಗಸು ಹೆಚ್ಚು ತಿಳಿಯುವುದು. ಇಲ್ಲಿ ಹಲಗೆ ಎಲುಬು, ಹಗ್ಗ ಸ್ನಾಯು. ದೋಣಿಯನ್ನು ನಡೆಸುವ ಅಂಬಿಗನ ತೋಳಿನ ಸ್ಥಾನದಲ್ಲಿ ಪೇಶಿ. ಮಾಂಸಕ್ಕೆ ಈ ಉಪಮೆ ಎಳ್ಳಷ್ಟೂ ಹೊಂದದು. ಮುಂದುವರಿದು ಆಚಾರ್ಯನು, ಎಲುಬಾಗಲಿ ಪೇಶಿಯಾಗಲಿ ಸಿರೆಯಾಗಲಿ ಸಂಧಿಯಾಗಲಿ ಕೆಟ್ಟರೆ ಆಗುವುದಕ್ಕಿಂತ ಸ್ನಾಯು ಕೆಟ್ಟರೆ ಶರೀರಕ್ಕೆ ಆಗುವ ಬಾಧೆ ಹೆಚ್ಚೆಂದೂ, ಒಳಹೊರಗಿನ ಸ್ನಾಯುಗಳನ್ನು ಬಲ್ಲವನೇ ಆಳದಲ್ಲಿ ಹೂತ ಶಲ್ಯವನ್ನು ತೆಗೆಯಬಲ್ಲನೆಂದೂ ಹೇಳಿರುವನು. ಸೂತ್ರಸ್ಥಾನದಲ್ಲಿ ಸ್ನಾಯುವಿಗೆ ಗಾಯವಾದವನ ಲಕ್ಷಣಗಳನ್ನು ಕೊಡುವಾಗ ಗೂನು, ಅಂಗಗಳು ಕುಸಿದಂತಾಗುವುದು, ಕೆಲಸದಲ್ಲಿ ಅಶಕ್ತಿ, ಬಲವಾದ ನೋವು, ಗಾಯ ಮಾಗುವುದರಲ್ಲಿ ವಿಳಂಬ ಇವನ್ನು ಎಣಿಸಿರುವನು. ಕೊನೆಯ ಲಕ್ಷಣವನ್ನು ಇಂದಿನ ಶಸ್ತ್ರವೈದ್ಯನೂ ಹೀಗೆಯೇ ಹೇಳುವನು: ರಕ್ತಸಂಚಾರ ಕಡಮೆಯಿರುವ ಈ ನಾರುಗಳು ಮಾಂಸದಂತೆ ಬೇಗನೆ ಕೂಡವು.

ಪ್ರಕೃತಕ್ಕೆ ಇನ್ನೂ ಹತ್ತಿರವಾದುದು ನಿದಾನಸ್ಥಾನದ ಮೊದಲನೆಯ ಅಧ್ಯಾಯದಲ್ಲಿರುವ ಖಂಜ, ಪಂಗುಗಳ ವಿವರಣೆ. ಕಟಿಯಲ್ಲಿ ನಿಂತ ವಾಯುವು ಒಂದು ಕಾಲಿನ ಕಂಡರವನ್ನು ಸೆಳೆದರೆ ಮನುಷ್ಯನು ಖಂಜನಾಗುವನು, ಎರಡು ಕಾಲುಗಳೂ ಕೆಟ್ಟರೆ ಪಂಗುವಾಗುವನು ಎಂಬುದು ಅಲ್ಲಿನ ತಾತ್ಪರ್ಯ. ವಾತಸಿದ್ಧಾಂತವನ್ನು ಒಪ್ಪುವವರೂ ಒಪ್ಪದವರೂ ಒಂದನ್ನು ಗಮನಿಸಬೇಕು. ಕುಂಟುವುದಕ್ಕೆ ಕಾರಣವನ್ನು ಪಾದದಲ್ಲಿ ಹುಡುಕದೆ, ಮೊಳಕಾಲಿನಲ್ಲಿ ಹುಡುಕದೆ, ಕಟಿಯ ಕಂಡರದಲ್ಲಿ ಹುಡುಕಿರುವುದು ಸಾಮಾನ್ಯವಾದ ನಿರೀಕ್ಷಣೆಯಲ್ಲ. ಜರ್ಮನಿಯ ಶಸ್ತ್ರವೈದ್ಯ ಫ್ರೀಡ್ರಿಖ್ ಟ್ರೆಂಡೆಲೆನ್‌ಬರ್ಗನು 1895ರಲ್ಲಿ ವಿವರಿಸಿದ ಲಕ್ಷಣವೂ ಇದೇ ಸ್ಥಾನವನ್ನು ತೋರಿಸುವುದು. ಒಂಟಿಕಾಲಿನ ಮೇಲೆ ನಿಂತಾಗ ಎತ್ತಿದ ಕಾಲಿನ ಕಡೆಗೆ ಜಘನವು ಕುಸಿದರೆ ನಿಂತ ಕಾಲಿನ ಚಪ್ಪೆಯ ಹೊರಮಗ್ಗುಲಿನ ಪೇಶಿಗಳು ಜಘನವನ್ನು ಹಿಡಿದು ನಿಲ್ಲಿಸಲಾರದೆ ಹೋಗಿವೆಯೆಂದು ತಿಳಿಯಬೇಕು. ಪೇಶಿ ಕೆಟ್ಟಿದ್ದರೂ, ಅದಕ್ಕೆ ಪ್ರೇರಣೆ ಕೊಡುವ ನರ ಕೆಟ್ಟಿದ್ದರೂ, ಪೇಶಿಯನ್ನು ಎಲುಬಿಗೆ ಕಟ್ಟುವ ಕಂಡರ ಹರಿದಿದ್ದರೂ ಕುಂಟು ಒಂದೇ. ಚಿಕಿತ್ಸೆ ಮಾತ್ರ ಮೂರು. ಮೂರಕ್ಕೂ ಒಂದೇ ಶಬ್ದವನ್ನು ಬಳಸುವ ಭಾಷೆಯು ಇಲ್ಲಿ ಏನು ಹೇಳಬಲ್ಲುದು?

ಸುಶ್ರುತನ ಸ್ನಾಯುವು ಕನ್ನಡದಲ್ಲಿ ಮಾಂಸವಾದುದು ಹೇಗೆಂಬುದನ್ನು ಪರಿಶೀಲಿಸಿದರೆ ಕನ್ನಡವೊಂದನ್ನೇ ದೂಷಿಸುವಂತಿಲ್ಲ. ವಂಗಭಾಷೆಯಲ್ಲಿ ಸ್ನಾಯುವೆಂದರೆ ಮೆದುಳಿನಿಂದ ಹೊರಟು ಸಂವೇದನೆಯನ್ನು ಒಯ್ಯುವ ತಂತು. ಮರಾಠಿಯಲ್ಲಿ ಕನ್ನಡದಲ್ಲಿರುವಂತೆಯೇ ಮಾಂಸಪೇಶಿ. ಹಿಂದಿಯ ಪಾರಿಭಾಷಿಕದಲ್ಲಿ ಎಲುಬಿಗೂ ಎಲುಬಿಗೂ ನಡುವಣ ಕಟ್ಟು. ತೆಲುಗಿನವರು ಇದಕ್ಕಿಂತ ವಿಚಿತ್ರವಾಗಿ ಕಂಡರಶಬ್ದವನ್ನೇ ಮಾಂಸಪೇಶಿಗೆ ಕೊಟ್ಟಿರುವರು. ಒಂದೇ ಆಕರದಿಂದ ನೀರು ಮೊಗೆದ ನಾಲ್ಕು ಭಾಷೆಗಳು ನಾಲ್ಕು ಕೊಡಗಳಲ್ಲಿ ನಾಲ್ಕು ಬಣ್ಣದ ನೀರನ್ನು ತುಂಬಿಕೊಂಡಂತಾಗಿದೆ. ಗ್ರೀಕರಲ್ಲಿಯೂ ಸ್ನಾಯುವಿನ ಸಗೋತ್ರವೇ ಆದ ‘ನ್ಯೂರೋನ್’ ಎಂಬುದು ಮೊದಲು ಶರೀರದ ನಾರನ್ನೂ ಬಿಲ್ಲಿನ ಹೆದೆಯನ್ನೂ ಹೇಳುತ್ತಿದ್ದು ಕಾಲಕ್ರಮದಲ್ಲಿ ಸಂವೇದನತಂತುವಿಗೆ ನಿಂತಿತು. ಕನ್ನಡದ ‘ನರ’ವು ತಮಿಳಿನ ನರಂಬು, ಮಲಯಾಳದ ಞರಂಬು ಇವುಗಳ ಬಂಧು, ದೇಶ್ಯವಾದ ಈ ಶಬ್ದವು ಇಂದಿಗೂ ಜನರ ಬಾಯಲ್ಲಿ ನಾರು, ರಕ್ತನಾಳ, ಸಂವೇದನತಂತು ಮೂರನ್ನೂ ಹೊರುತ್ತಿದೆ. ಕೈಯ ಮೇಲೆ ಹಸುರಾಗಿ ಉಬ್ಬಿದುದೂ ನರ, ಹಿಮ್ಮಡಿಯ ಮೇಲೆ ಹುರಿಯಂತೆ ಬಿಗಿದುದೂ ನರ, ತಲೆಯಿಂದ ಹೊರಡುವುದೂ ನರವೇ. ಜನಭಾಷೆಗೆ ಇದು ಕುಂದಲ್ಲ. ಶಾಸ್ತ್ರಕ್ಕೆ ಮಾತ್ರ ಸಲ್ಲದು.

ಶಾಸ್ತ್ರೀಯ ಪರಿಭಾಷೆಯನ್ನು ಸರಿಪಡಿಸುವ ಯತ್ನಗಳು ನಡೆದಿಲ್ಲವೆಂದಲ್ಲ. ಕಲಕತ್ತೆಯ ಕವಿರಾಜ ಗಣನಾಥ ಸೇನರು ಇಪ್ಪತ್ತನೆಯ ಶತಮಾನದ ಆದಿಯಲ್ಲಿ ‘ಪ್ರತ್ಯಕ್ಷಶಾರೀರ’ವೆಂಬ ಸಂಸ್ಕೃತಗ್ರಂಥವನ್ನು ಬರೆದು ಪಾಶ್ಚಾತ್ಯ ಅಂಗರಚನೆಗೂ ಪ್ರಾಚೀನ ಶಬ್ದಗಳಿಗೂ ಹೊಂದಾಣಿಕೆಯನ್ನು ಮಾಡಹೊರಟರು. ಕನ್ನಡದಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶಯ್ಯಂಗಾರ್ಯರೂ 1918ರ ಸುಮಾರಿಗೆ ಹೊರಡಿಸಿದ ‘ವಿಜ್ಞಾನ’ ಪತ್ರಿಕೆಯು ಅಲ್ಪಾಯುವಾದರೂ ಮಾರ್ಗವನ್ನು ತೋರಿಸಿತು. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು 1946ರಲ್ಲಿ ಬಂದಿತು. ಮಲೆನಾಡಿನವರೇ ಆದ ಅನುಪಮಾ ನಿರಂಜನರು ವೈದ್ಯರಾಗಿದ್ದು ಹೆಂಗಸರಿಗಾಗಿ ತಿಳಿಯಾದ ಕನ್ನಡದಲ್ಲಿ ಆರೋಗ್ಯವಿಷಯಗಳನ್ನು ಬರೆದರು. ಆದರೆ ಪಾಠಪುಸ್ತಕಗಳಲ್ಲಿ ಸ್ನಾಯುವನ್ನು ಮಾಂಸಕ್ಕೆ ನಿಲ್ಲಿಸಿದ ಮೇಲೆ ಅದರ ತುದಿಯ ಕಟ್ಟಿಗೆ ‘ಸ್ನಾಯುರಜ್ಜು’ವೆಂದೂ, ಎಲುಬುಗಳ ನಡುವಣ ಕಟ್ಟಿಗೆ ‘ಅಸ್ಥಿರಜ್ಜು’ವೆಂದೂ ಹೊಸದಾಗಿ ಕಟ್ಟಬೇಕಾಯಿತು. ಸ್ನಾಯುವೇ ರಜ್ಜುವಾಗಿರುವಾಗ ಸ್ನಾಯುರಜ್ಜುವೆಂದರೆ ‘ಹಗ್ಗದ ಹಗ್ಗ’ವೆಂದಂತಾಯಿತು. ಸಂಸ್ಕೃತವನ್ನು ಬಲ್ಲವನ ಕಿವಿಗೆ ಇದು ಪುನರುಕ್ತಿಯಾಗಿ ಕೇಳಿಸುವುದು, ಬಲ್ಲದವನಿಗೆ ಏನೂ ಕೇಳಿಸದು.

ಇಲ್ಲಿ ಒಂದು ಪೂರ್ವಪಕ್ಷವುಂಟು. ಯೋಗಕ್ಕಿಂತ ರೂಢಿಯು ಬಲವತ್ತರವೆಂಬುದು ಶಾಸ್ತ್ರಜ್ಞರೇ ಒಪ್ಪಿದ ನ್ಯಾಯ. ಲಕ್ಷಾಂತರ ಮಕ್ಕಳು ಶಾಲೆಯಲ್ಲಿ ಸ್ನಾಯುವೆಂದರೆ ಮಾಂಸವೆಂದೇ ಕಲಿತಿರುವಾಗ ಸುಶ್ರುತನನ್ನು ಹಿಡಿದು ವಾದಿಸುವುದು ವ್ಯರ್ಥವಲ್ಲವೇ ಎಂದು. ಈ ಆಕ್ಷೇಪದಲ್ಲಿ ಹುರುಳಿದೆ. ಲಕ್ಷಣೆಗೆ ಬೇಕಾದ ಅಂಗಗಳೂ ಇಲ್ಲಿ ಇಲ್ಲದೆ ಇಲ್ಲ: ಕಟ್ಟಿಗೂ ಮಾಂಸಕ್ಕೂ ಸಂಬಂಧವಿದೆ, ರೂಢಿಯೂ ಇದೆ, ಗಂಗೆಯಲ್ಲಿ ಹಳ್ಳಿಯಿದೆಯೆಂದರೆ ದಡದಲ್ಲಿದೆಯೆಂದು ತಿಳಿದುಕೊಳ್ಳುವಂತೆ ಸ್ನಾಯುವೆಂದರೆ ಅದಕ್ಕೆ ಅಂಟಿದ ಮಾಂಸವೆಂದು ತಿಳಿದುಕೊಂಡರಾಯಿತು. ಆದರೆ ರೂಢಿಯು ಬಲವತ್ತರವಾಗುವುದು ರೂಢಿಯು ಒಂದೇ ಆಗಿರುವಾಗ. ಆಯುರ್ವೇದದ ವಿದ್ಯಾರ್ಥಿಗೆ ಒಂದು ರೂಢಿ, ಶಾಲೆಯ ಹುಡುಗನಿಗೆ ಇನ್ನೊಂದು ರೂಢಿ, ಬಣಕಲ್ಲಿನ ಮುದುಕಿಗೆ ಮೂರನೆಯ ರೂಢಿ ಇರುವಲ್ಲಿ ಈ ನ್ಯಾಯವು ಪ್ರವರ್ತಿಸದು. ಮೇಲಾಗಿ ಗಂಗೆಯ ನೀರಿನಲ್ಲಿಯೇ ನಡೆದ ವಿಷಯವನ್ನು ಹೇಳಬೇಕಾದಾಗ ದಡವೆಂಬ ಅರ್ಥವನ್ನು ಹಿಡಿದು ಕುಳಿತರೆ ಮುಳುಗುವವನನ್ನು ಎತ್ತುವವರಾರು?

ಪ್ರಾಚೀನ ಕನ್ನಡ ವೈದ್ಯಗ್ರಂಥಗಳು ಈ ಸಂದರ್ಭದಲ್ಲಿ ನೆರವಾಗುವುವೇ ಎಂದು ನೋಡಿದರೆ ಹೆಚ್ಚಿನ ಫಲವಿಲ್ಲ. ಎರಡನೆಯ ಚಾವುಂಡರಾಯನ ‘ಲೋಕೋಪಕಾರ’ವು ವೈದ್ಯವನ್ನೂ ಒಳಗೊಂಡ ಸಂಗ್ರಹ. ಕೀರ್ತಿವರ್ಮನು ಗೋವೈದ್ಯವನ್ನು ಬರೆದನು. ಜಗದ್ದಳ ಸೋಮನಾಥನು ಪೂಜ್ಯಪಾದನ ಕಲ್ಯಾಣಕಾರಕವನ್ನು ಹನ್ನೆರಡನೆಯ ಶತಮಾನದಲ್ಲಿ ಕನ್ನಡಿಸಿದನು. ಮಂಗರಾಜನ ‘ಖಗೇಂದ್ರಮಣಿದರ್ಪಣ’ವು ಹದಿನಾಲ್ಕನೆಯ ಶತಮಾನದ ವಿಷವೈದ್ಯ. ಅಭಿನವಚಂದ್ರನು ಅಶ್ವವೈದ್ಯವನ್ನು ಹೇಳಿದನು. ಇವರ ಒಲವೆಲ್ಲ ಔಷಧಯೋಗಗಳ ಕಡೆಗೆ. ಶಲ್ಯತಂತ್ರವನ್ನು ಪೂರ್ಣವಾಗಿ ಹೇಳುವುದು ಇವರ ಉದ್ದೇಶವಲ್ಲ. ಕಾವ್ಯಗಳ ಮಾತು ಬೇರೆ. ಭಾಸನ ‘ಊರುಭಂಗ’ದಿಂದ ಹಿಡಿದು ರನ್ನನ ‘ಗದಾಯುದ್ಧ’, ಕುಮಾರವ್ಯಾಸನ ಗದಾಪರ್ವದವರೆಗೆ ತೊಡೆ ಮುರಿದ ಕೌರವನ ಸುತ್ತ ಎಷ್ಟು ರಸವು ಹರಿದಿದೆಯೆಂಬುದನ್ನು ಸಾಹಿತ್ಯೋಪಾಧ್ಯಾಯರಿಗೆ ಹೇಳಬೇಕಾಗಿಲ್ಲ. ಭಾಸನು ಆ ವೀರನನ್ನು ಕೈಗಳ ಬಲದಿಂದ ತೆವಳಿಸಿಕೊಂಡು ರಂಗಕ್ಕೆ ತಂದುದು ಕವಿಯ ಧೈರ್ಯವೂ ಹೌದು, ಶರೀರಜ್ಞಾನವೂ ಹೌದು. ಆದರೂ ಅದು ಮುರಿದ ಎಲುಬಿನ ಕಥೆ, ಹರಿದ ಕಟ್ಟಿನದಲ್ಲ. ಕಾಣುವ ಭಂಗಕ್ಕೆ ಕವಿಗಳು ಸಿಕ್ಕುವರು, ಕಾಣದ ಹರಿಯುವಿಕೆಗೆ ಸಿಕ್ಕುವುದು ಕಷ್ಟ.

ವೈದ್ಯರಿಗೂ ಅದು ಬಹುಕಾಲ ಕಾಣಲಿಲ್ಲವೆಂಬುದೇ ಈ ರೋಗದ ಇತಿಹಾಸ. ಚಪ್ಪೆಯ ಹೊರಮಗ್ಗುಲಿನ ನೋವನ್ನೆಲ್ಲ ಎಲುಬಿನ ಗುಬ್ಬಿನ ಮೇಲಿರುವ ಸಣ್ಣ ದ್ರವದ ಚೀಲದ ಉರಿಯೆಂದೇ ಕರೆದು ಸೂಜಿಯ ಮದ್ದು ಕೊಡುತ್ತಿದ್ದರು. 1997ರಲ್ಲಿ ಇಂಗ್ಲೆಂಡಿನ ಬಂಕರ್ ಮತ್ತು ಸಹೋದ್ಯೋಗಿಗಳು ತೊಡೆಯೆಲುಬಿನ ಕತ್ತು ಮುರಿದ 50 ಮಂದಿಯ ಶಸ್ತ್ರಕ್ರಿಯೆಯ ಕಾಲದಲ್ಲಿ ನೋಡಿದಾಗ 11 ಮಂದಿಯಲ್ಲಿ ಈ ಕಂಡರಗಳು ಹರಿದಿದ್ದುವು. ಹೆಗಲಿನ ಸಂಧಿಯನ್ನು ಸುತ್ತಿದ ಕಂಡರಗಳು ಹರಿಯುವಂತೆ ಇಲ್ಲಿಯೂ ಹರಿಯುವುದೆಂದು ಅವರು ಹೋಲಿಸಿದರು. ಕಾಂತದ ಸಹಾಯದಿಂದ ಒಳಗನ್ನು ತೋರಿಸುವ ಎಂ.ಆರ್.ಐ. ಚಿತ್ರಗಳು ಬಂದ ಮೇಲೆ ಹೆಸರು ಬದಲಾಯಿತು, ಹೆಸರಿನೊಡನೆ ಚಿಕಿತ್ಸೆಯೂ ಬದಲಾಯಿತು. ನಾಮಕರಣದ ತಪ್ಪು ಚಿಕಿತ್ಸೆಯ ತಪ್ಪಾಗುವುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ. ಅದು ಕನ್ನಡಕ್ಕೆ ಮಾತ್ರ ಸಂಭವಿಸಿದ ದುರದೃಷ್ಟವೂ ಅಲ್ಲ.

ಸ್ಥಾನವಾಚಕದಲ್ಲಿಯೂ ಇಂತಹುದೇ ತೊಡಕು. ಸಂಸ್ಕೃತದಲ್ಲಿ ಕಟಿ, ಶ್ರೋಣಿ, ನಿತಂಬ, ವಂಕ್ಷಣ, ಊರು ಎಂದು ಪ್ರತ್ಯೇಕ ಸ್ಥಾನಗಳಿವೆ. ಕನ್ನಡದಲ್ಲಿ ಸೊಂಟವೆಂದರೆ ಬೆನ್ನಿನ ಕೆಳಭಾಗವೂ ಆಯಿತು, ನಡುವೂ ಆಯಿತು, ತೊಡೆ ಮೈಗೆ ಸೇರುವ ಎಡೆಯೂ ಆಯಿತು. ಹೊರಮಗ್ಗುಲಿನ ಎಲುಬಿನ ಗುಬ್ಬು ನೋಯುವ ಹೆಂಗಸು ‘ಸೊಂಟ ನೋವು’ ಎಂದರೆ ಕೇಳಿದವನ ಕಣ್ಣು ಬೆನ್ನೆಲುಬಿಗೆ ಹೋಗುವುದು ಸಹಜ. ತಮಾಷೆಯೆಂದರೆ ಕನ್ನಡದಲ್ಲಿ ಇದಕ್ಕೆ ಶಬ್ದವಿಲ್ಲದೆ ಇಲ್ಲ: ಚಪ್ಪೆಯಿದೆ, ತೊಡೆಸಂದಿದೆ, ಟೊಂಕವಿದೆ. ಇವು ಗ್ರಾಮ್ಯವೆಂದು ಬರೆಯುವವರು ನಾಚಿಕೊಳ್ಳುವರು. ನಾಚಿಕೆಯ ಬೆಲೆಯನ್ನು ತೆರುವವಳು ರೋಗಿ.

ಈಗ ಚಿಕಿತ್ಸಾಮಾರ್ಗಗಳನ್ನು ಒಂದೊಂದಾಗಿ ಹೇಳಿ ಕನ್ನಡವು ಎಲ್ಲಿ ತಡೆಯುವುದೆಂದು ನೋಡಬಹುದು. ಕಂಡರವು ಸವೆದಿದ್ದು ಪೂರ್ಣವಾಗಿ ಹರಿಯದಿದ್ದರೆ ಶಸ್ತ್ರವು ಮೊದಲ ಮಾರ್ಗವಲ್ಲ. ಮಗ್ಗುಲಿಗೆ ಒತ್ತಿ ಮಲಗುವುದನ್ನೂ ಒಂದೇ ಕಾಲಿಗೆ ಭಾರ ಹಾಕಿ ನಿಲ್ಲುವುದನ್ನೂ ಬಿಡಿಸಿ, ಕ್ರಮವಾಗಿ ಬಲ ಹೆಚ್ಚಿಸುವ ವ್ಯಾಯಾಮವನ್ನು ಮಾಡಿಸುವುದು ಸೂಜಿಯ ಮದ್ದಿಗಿಂತ ಮೇಲೆಂದು 2018ರಲ್ಲಿ ಆಸ್ಟ್ರೇಲಿಯದಲ್ಲಿ 204 ಮಂದಿಯ ಮೇಲೆ ನಡೆದ ಪರೀಕ್ಷೆ ತೋರಿಸಿತು. ಇದನ್ನು ಕನ್ನಡದಲ್ಲಿ ಹೇಳುವುದಕ್ಕೆ ಏನೂ ಅಡ್ಡಿಯಿಲ್ಲ. ಆದರೆ ‘ಸ್ನಾಯುವಿನ ನೋವಿಗೆ ವ್ಯಾಯಾಮ ಒಳ್ಳೆಯದು’ ಎಂದು ಬರೆದುಬಿಟ್ಟರೆ ಪೂರ್ಣವಾಗಿ ಕಿತ್ತುಬಂದವನೂ ವ್ಯಾಯಾಮ ಮಾಡಹೊರಡುವನು. ತಾರ್ಕಿಕರು ಇದನ್ನೇ ಅತಿವ್ಯಾಪ್ತಿದೋಷವೆನ್ನುವರು.

ಎರಡನೆಯದು ಹೊಲಿಗೆ. ಪೂರ್ಣವಾಗಿ ಹರಿದ ಕಂಡರದ ತುದಿಯನ್ನು ಹಿಡಿದು, ಅದು ಅಂಟಿಕೊಂಡಿದ್ದ ಎಲುಬಿನ ಮುಖವನ್ನು ಕೆರೆದು ಹಸಿಮಾಡಿ, ಎಲುಬಿನಲ್ಲಿ ಸಣ್ಣ ಗೂಟಗಳನ್ನು ಹೂಳಿ, ಗೂಟಕ್ಕೆ ಕಟ್ಟಿದ ದಾರದಿಂದ ಕಂಡರವನ್ನು ಎಲುಬಿಗೆ ಬಿಗಿಯುವರು. ಗೂಟಕ್ಕೆ ಬದಲಾಗಿ ಎಲುಬಿನಲ್ಲಿ ರಂಧ್ರ ಕೊರೆದು ದಾರ ಪೋಣಿಸುವುದೂ ಉಂಟು. ಇದನ್ನು ದೊಡ್ಡ ಕೊಯ್ತದಿಂದಲೂ ಮಾಡಬಹುದು; 2009ರ ಹೊತ್ತಿಗೆ ಸಣ್ಣ ತೂತುಗಳಿಂದ ದರ್ಶಕನಳಿಗೆಯನ್ನು ತೂರಿಸಿ ಮಾಡುವ ಕ್ರಮವೂ ಪ್ರಕಟವಾಯಿತು. ಫಲದಲ್ಲಿ ಎರಡೂ ಹೆಚ್ಚುಕಡಮೆ ಸಮವೆಂದೂ, ಸಣ್ಣ ತೂತಿನ ಕ್ರಮದಲ್ಲಿ ಉಪದ್ರವಗಳು ಕಡಮೆಯೆಂದೂ, ಬಹಳ ದೊಡ್ಡ ಹರಿತಕ್ಕೆ ತೆರೆದ ಕ್ರಮವೇ ಅನುಕೂಲವೆಂದೂ ತಜ್ಞರಲ್ಲಿ ಅನೇಕರ ಮತ. ಕೆಲವು ವಾರಗಳ ಕಾಲ ಊರುಗೋಲಿನ ಮೇಲೆ ಭಾರ ಹಾಕಿ ನಡೆಯಬೇಕು. ಪೂರ್ಣವಾದ ಬಲ ಬರುವುದಕ್ಕೆ ಆರು ತಿಂಗಳಿಂದ ವರ್ಷದವರೆಗೆ ಹಿಡಿಯುವುದು. ತೋಟದ ಕೆಲಸವನ್ನೇ ನಂಬಿದವರಿಗೆ ಇದು ಒಂದು ಕೊಯ್ಲಿನ ಕೂಲಿಯನ್ನು ಬಿಟ್ಟುಕೊಟ್ಟಂತೆ. ಆದುದರಿಂದ ಅವಧಿಯನ್ನು ಮೊದಲೇ ಹೇಳದ ಗದ್ಯವು, ಅದು ಎಷ್ಟೇ ಲಲಿತವಾಗಿರಲಿ, ಅರ್ಧಸತ್ಯವನ್ನು ಹೇಳಿದಂತೆ.

ಇಲ್ಲಿ ಕನ್ನಡದ ಲೇಖಕರು ಸಾಮಾನ್ಯವಾಗಿ ‘ಸ್ನಾಯುವನ್ನು ಜೋಡಿಸಲಾಗುತ್ತದೆ’ ಎಂದು ಬರೆಯುವರು. ಜೋಡಿಸುವುದೆಂದರೆ ಎರಡು ತುಂಡುಗಳನ್ನು ಸೇರಿಸುವುದು. ಓದಿದವನು ಮಾಂಸವು ನಡುವೆ ಹರಿದು ಎರಡು ತುಂಡಾಗಿದೆಯೆಂದೂ ಬಟ್ಟೆಯಂತೆ ಹೊಲಿಯುವರೆಂದೂ ತಿಳಿಯುವನು. ವಾಸ್ತವವಾಗಿ ಹರಿದುದು ತುದಿ, ಸೇರಿಸುವುದು ಎಲುಬಿಗೆ. ಸುಶ್ರುತನು ಎಂಟು ಶಸ್ತ್ರಕರ್ಮಗಳಲ್ಲಿ ಸೀವ್ಯವನ್ನು ಎಣಿಸಿ, ಹೊಲಿಗೆಗೆ ಸಣ್ಣ ನೂಲು, ಸೆಣಬು, ಅಶ್ಮಂತಕದ ನಾರು, ಕೂದಲು ಇವುಗಳೊಡನೆ ಸ್ನಾಯುವನ್ನೇ ದಾರವಾಗಿ ಹೇಳಿರುವನೆಂಬುದು ಸ್ಮರಣೀಯ. ಸ್ನಾಯುವು ಮಾಂಸವಾಗಿದ್ದರೆ ಅದರಿಂದ ಹೊಲಿಯುವುದೆಂತು? ಸಂಧಿಗಳಲ್ಲಿಯೂ ಮಾಂಸ ಕಡಮೆಯಿರುವ ಎಡೆಗಳಲ್ಲಿಯೂ ಎರಡಂಗುಲದ ದುಂಡು ಸೂಜಿ, ಮಾಂಸಲವಾದ ಎಡೆಗಳಲ್ಲಿ ಮೂರಂಗುಲದ ಮೂರಂಚಿನ ಸೂಜಿ, ಮರ್ಮಸ್ಥಾನಗಳಲ್ಲಿ ಬಿಲ್ಲಿನಂತೆ ಬಾಗಿದ ಸೂಜಿ ಎಂದು ಅವನು ಮಾಡಿದ ವಿವೇಕವನ್ನು ನೋಡಿದರೆ ಶಾಸ್ತ್ರಗದ್ಯವು ಎಷ್ಟು ಸೂಕ್ಷ್ಮವಾಗಿರಬಲ್ಲುದೆಂಬುದು ತಿಳಿಯುವುದು. ಆ ಕಾಲದಲ್ಲಿ ಕಂಡರವನ್ನು ಎಲುಬಿಗೆ ಹೊಲಿಯುತ್ತಿದ್ದರೆಂದು ಇದರಿಂದ ಸಾಧಿಸಹೊರಡುವುದು ಮಾತ್ರ ಸಾಹಸ. ಸ್ನಾಯುಗತವಾದ ವಾತಕ್ಕೆ ಅವನು ಹೇಳಿದ ಚಿಕಿತ್ಸೆ ಸ್ನೇಹ, ಉಪನಾಹ, ಅಗ್ನಿಕರ್ಮ, ಬಂಧನ, ಮರ್ದನ, ಹೊಲಿಗೆಯಲ್ಲ. ಪ್ರಾಚೀನರಲ್ಲಿ ಎಲ್ಲವೂ ಇತ್ತೆಂದು ಹೇಳುವ ಉತ್ಸಾಹಿಗಳು ಇದ್ದುದನ್ನೂ ಸರಿಯಾಗಿ ಓದುವುದಿಲ್ಲವೆಂಬುದು ಖೇದದ ವಿಷಯ.

ಮೂರನೆಯ ಮಾರ್ಗವು ಉಪಾಯಾಂತರ. ಬಹುಕಾಲ ಕಳೆದು ಕಂಡರವು ಹಿಂದಕ್ಕೆ ಸರಿದು, ಪೇಶಿಯು ಕೊಬ್ಬಾಗಿ ಮಾರ್ಪಟ್ಟಿದ್ದರೆ ಹೊಲಿದರೂ ಫಲ ಕಡಮೆ. ಆಗ ನೆರೆಯ ದೊಡ್ಡ ಪೇಶಿಯ ಒಂದು ಭಾಗವನ್ನು ತಿರುಗಿಸಿ ಎಲುಬಿನ ಗುಬ್ಬಿಗೆ ಬಿಗಿಯುವರು, ಇಲ್ಲವೆ ಮೃತನ ಹಿಮ್ಮಡಿಯ ಕಂಡರವನ್ನು ತಂದು ಸೇತುವೆಯಾಗಿ ಇಡುವರು. ಇದನ್ನು ಹೇಳುವ ವಾಕ್ಯದಲ್ಲಿ ಪೇಶಿಯೂ ಬರುವುದು, ಕಂಡರವೂ ಬರುವುದು. ಎರಡಕ್ಕೂ ಸ್ನಾಯುವೆಂದರೆ ವಾಕ್ಯವೇ ನಿಲ್ಲದು. ‘ಸ್ನಾಯು ಹೋದಲ್ಲಿ ಸ್ನಾಯುವಿನಿಂದ ಸ್ನಾಯುವನ್ನು ಬಿಗಿದರು’ ಎಂದಾಗುವುದು!

ತೊಡೆಯ ಹಿಂಭಾಗದ ಕಂಡರಗಳ ವಿಷಯದಲ್ಲಿ ತೊಡಕು ಇನ್ನೂ ಘೋರ. ಅವು ಕಿತ್ತುಬರುವ ಎಲುಬಿನ ಪಕ್ಕದಲ್ಲಿಯೇ ಕಾಲಿಗೆಲ್ಲ ಚಲನಸಂವೇದನೆಗಳನ್ನು ಒಯ್ಯುವ ದೊಡ್ಡ ನರವು ಹಾದುಹೋಗುವುದು. ಗೃಧ್ರಸಿಯೆಂದು ಜನರು ಅಂಜುವ ನೋವಿಗೆ ಸಂಬಂಧಿಸಿದುದೂ ಇದೇ. ಶಸ್ತ್ರವೈದ್ಯನು ಮೊದಲು ಈ ನರವನ್ನು ಗುರುತಿಸಿ ಕಾಪಾಡಿ, ಆಮೇಲೆ ಕಂಡರವನ್ನು ಹೊಲಿಯಬೇಕು. ಮೂರು ಕಂಡರಗಳೂ ಕಿತ್ತು ಎರಡು ಸೆಂಟಿಮೀಟರಿಗಿಂತ ಹೆಚ್ಚಾಗಿ ಸರಿದಿದ್ದರೆ, ದುಡಿಮೆಯ ಮೈಯವರಲ್ಲಿ ಬೇಗನೆ ಹೊಲಿಯುವುದು ಲೇಸೆಂದು ಸಾಮಾನ್ಯವಾದ ಮತ. ತಡವಾದಷ್ಟೂ ಕಂಡರವು ನರಕ್ಕೆ ಅಂಟಿಕೊಂಡು ಕೆಲಸವು ಕಠಿಣವಾಗುವುದು. ಇದನ್ನೆಲ್ಲ ಜನರ ಮಾತಿನಲ್ಲಿ ಹೇಳಹೊರಟು ‘ನರ ಹರಿದಿದೆ, ನರವನ್ನು ಹೊಲಿಯುವರು’ ಎಂದರೆ ರೋಗಿಯ ಮನೆಯವರು ಕೇಳಿದುದು ವೈದ್ಯನು ಹೇಳಿದುದಕ್ಕೆ ತೀರ ವಿರುದ್ಧ. ಯಾವುದನ್ನು ಮುಟ್ಟಬಾರದೋ ಅದನ್ನೇ ಕತ್ತರಿಸುವರೆಂದು ಹೆದರಿ ಅವರು ಚಾರ್ಮಾಡಿ ಇಳಿದು ಮಂಗಳೂರಿಗೆ ಹೋಗುವ ಬದಲು ಎಣ್ಣೆಯ ಪಟ್ಟಿ ಕಟ್ಟಿಸಿಕೊಂಡು ಮನೆಯಲ್ಲಿಯೇ ಉಳಿದರೆ ತಪ್ಪು ಅವರದಲ್ಲ.

ಹಾಗಾದರೆ ಬರೆಯುವವರು ಏನನ್ನು ಬಳಸಬೇಕು? ಸ್ನಾಯುವನ್ನು ಅದರ ಪ್ರಾಚೀನ ಪೀಠಕ್ಕೆ ಮರಳಿ ಏರಿಸುವುದು ಇನ್ನು ಸಾಧ್ಯವಿಲ್ಲ. ಮಾಂಸಪೇಶಿಗೆ ‘ಮಾಂಸಖಂಡ’ವೆಂಬ ಶಬ್ದವು ಕನ್ನಡದಲ್ಲಿ ಜೀವಂತವಾಗಿದೆ, ಮೀನಖಂಡವೆಂದು ಕಾಲಿನ ಹಿಂಭಾಗಕ್ಕೆ ಹಳ್ಳಿಯವರೇ ಹೇಳುವರು. ಎಲುಬಿಗೂ ಮಾಂಸಕ್ಕೂ ನಡುವಣ ಕಟ್ಟಿಗೆ ‘ಕಂಡರ’ವು ಸಂಸ್ಕೃತಕ್ಕೂ ಆಯುರ್ವೇದಕ್ಕೂ ಹಿಂದಿಗೂ ಒಪ್ಪಿತವಾದುದು, ಕನ್ನಡದಲ್ಲಿ ಅದಕ್ಕೆ ಬೇರೆ ಅರ್ಥ ಅಂಟಿಲ್ಲವಾದುದರಿಂದ ಮಲಿನವಾಗಿಯೂ ಇಲ್ಲ. ಅದು ಅಪರಿಚಿತವೆಂದು ಅಂಜುವವರು ಮೊದಲ ಸಲ ‘ಎಲುಬಿಗೆ ಹತ್ತಿದ ನಾರು’ ಎಂದು ಬಿಡಿಸಿ ಹೇಳಿದರೆ ಮುಗಿಯಿತು. ಸಂವೇದನತಂತುವಿಗೆ ಮಾತ್ರ ನರವನ್ನು ಮೀಸಲಿಡತಕ್ಕುದು. ಸ್ನಾಯುಶಬ್ದವು ಬಂದೇ ತೀರಬೇಕಾದಲ್ಲಿ ಒಂಟಿಯಾಗಿ ಬಾರದಿರಲಿ.

ಕ್ರಿಯಾಪದದಲ್ಲಿ ಮಾತ್ರ ಪಂಡಿತರು ಹಳ್ಳಿಯವರಿಗೆ ಶಿಷ್ಯರಾಗಬೇಕು. ಉಳುಕುವುದು, ಹರಿಯುವುದು, ಕಿತ್ತುಬರುವುದು, ಸುಲಿಯುವುದು ಇವು ಮಲೆನಾಡಿನ ಬಾಯಲ್ಲಿ ನಾಲ್ಕು ಬೇರೆ ಬೇರೆ ಸಂಗತಿಗಳು. ಮೆಣಸಿನ ಬಳ್ಳಿಯು ಗಂಟುಗಂಟಿನಲ್ಲಿ ಬೇರು ಬಿಟ್ಟು ಮರಕ್ಕೆ ಹತ್ತುವುದು. ಗಾಳಿಗೆ ಅದು ನಡುವೆ ಹರಿಯುವುದು ಬೇರೆ, ಮರದ ತೊಗಟೆಯಿಂದ ಬಿಡಿಸಿಕೊಂಡು ಸುಲಿದು ಬೀಳುವುದು ಬೇರೆ. ಸುಲಿದ ಬಳ್ಳಿಯನ್ನು ಒಣಗುವುದಕ್ಕೆ ಮುಂಚೆಯೇ ಎತ್ತಿ ಮರಕ್ಕೆ ಬಿಗಿಯಾಗಿ ಕಟ್ಟಿ, ಅದು ಮತ್ತೆ ಹತ್ತುವವರೆಗೆ ಯಾರೂ ಎಳೆಯದಂತೆ ನೋಡಿಕೊಳ್ಳಬೇಕೆಂಬುದನ್ನು ಬಣಕಲ್ಲಿನ ತೋಟದಾಳಿಗೆ ಯಾರೂ ಕಲಿಸಬೇಕಾಗಿಲ್ಲ. ಚಪ್ಪೆಯ ಕಂಡರವು ಎಲುಬಿನಿಂದ ಸುಲಿದಿದೆಯೆಂದು ಹೇಳಿ ಈ ಬಳ್ಳಿಯನ್ನು ತೋರಿಸಿದರೆ ಗೂಟವೇಕೆ, ದಾರವೇಕೆ, ಊರುಗೋಲೇಕೆ, ಆರು ವಾರವೇಕೆ ಎಂಬ ಪ್ರಶ್ನೆಗಳಿಗೆ ಉತ್ತರವನ್ನು ಆ ಆಳೇ ಹೇಳುವನು.